ಅಕ್ಕನ ಸೊನ್ನೆ

ಅಕ್ಕ ತೀರಿಕೊಂಡು ಎರಡು ತಿಂಗಳಾಗಿತ್ತು. ಅಷ್ಟು ದಿನವೂ ಅಳತೆ ಕೋಣೆಯ ಬೀಗಕ್ಕೆ ಯಾರೂ ಕೈ ಹಾಕಿರಲಿಲ್ಲ. ಹಾಕಬಾರದೆಂದು ಯಾರೂ ಹೇಳಿರಲೂ ಇಲ್ಲ. ಕೀಲಿಕೈ ಬಾಗಿಲ ಪಕ್ಕದ ಮೊಳೆಯಲ್ಲಿ ಎಲ್ಲರ ಕಣ್ಣೆದುರಿಗೇ ನೇತಾಡುತ್ತಿತ್ತು. ಆದರೂ ಆ ಪ್ರಯೋಗಾಲಯದ ಹತ್ತು ಹನ್ನೆರಡು ಮಂದಿಗೂ ಅಲ್ಲಿಗೆ ಹೋಗಬೇಕಾದ ಕೆಲಸಗಳೆಲ್ಲ ಅದು ಹೇಗೋ ನಾಳೆಗೆ ಜಾರಿಕೊಳ್ಳುತ್ತಿದ್ದವು. ಕೊನೆಗೆ ಒಂದು ಸೋಮವಾರ ಪ್ರಯೋಗಾಲಯ ನಡೆಸುವ ಮೇಷ್ಟ್ರು ತಂಗಿಯನ್ನು ಕರೆದು, ಅಕ್ಕ ಮಾಡಿಟ್ಟ ಪೆಟ್ಟಿಗೆ ಶನಿವಾರ ಶೀತಗೃಹಕ್ಕೆ ಹೋಗಬೇಕಲ್ಲಮ್ಮ, ಒಂದು ಸಲ ನೀವೇ ನೋಡಿಬಿಡಿ ಅಂದರು. ಹಾಗನ್ನುವಾಗ ಅವರು ಕನ್ನಡಕ ಒರೆಸುತ್ತಿದ್ದರು. ತಂಗಿಯ ಮುಖ ನೋಡಲಿಲ್ಲ.

ಅಕ್ಕತಂಗಿ ಇಬ್ಬರಿಗೂ ಅಲ್ಲೇ ಕೆಲಸ. ತಂಗಿಯದು ಕುಲುಮೆ, ಅಕ್ಕನದು ಅಳತೆ. ಕುಲುಮೆ ಅಂದರೆ ಕಮ್ಮಾರನದಲ್ಲ; ಉದ್ದನೆಯ ಒಂದು ಗಾಜಿನ ಕೊಳವೆ, ಅದರ ಸುತ್ತ ಕಾವು, ಒಳಗೆ ಉಗುರಿನಷ್ಟಗಲದ ಬಿಲ್ಲೆ. ಇಡೀ ದಿನ ಕಾದರೆ ಆ ಬಿಲ್ಲೆಯ ಮೇಲೆ ಹುಲ್ಲು ಹುಟ್ಟಿದ ಹಾಗೆ ತಂತಿಗಳು ಹುಟ್ಟುತ್ತವೆ. ಒಂದು ತಲೆಗೂದಲನ್ನು ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟು ತೆಳುವೋ ಅಷ್ಟು ತೆಳು. ಓದಿದವರು ಅದನ್ನು ನ್ಯಾನೊ ತಂತಿ ಅನ್ನುತ್ತಾರೆ. ಬರಿಗಣ್ಣಿಗೆ ಕಾಣುವುದು ಕಪ್ಪನೆಯ ಒಂದು ಕಲೆ, ಅಷ್ಟೆ. ಬಿಲ್ಲೆ ತಂದು ಕೊಟ್ಟಾಗಲೆಲ್ಲ ಅಕ್ಕ ಅದನ್ನು ಚಿಮ್ಮಟದಲ್ಲಿ ಎತ್ತಿ ಹಿಡಿದು, "ಬೆಳಗಿಂದ ಒಲೆ ಮುಂದೆ ಬೆಂದು ಕೊನೆಗೆ ಪಾತ್ರೆ ತಳ ಸೀಯಿಸ್ಕೊಂಡು ಬಂದ್ಯೇನೇ ಪುಟ್ಟಿ" ಅನ್ನುತ್ತಿದ್ದಳು. ಪುಟ್ಟಿಗೆ ಆಗಲೇ ನಲವತ್ತನಾಲ್ಕು. ಅಕ್ಕ ಮಾತ್ರ ಎಲ್ಲರಿಗೂ ಅಕ್ಕ. ಅವಳಿಗಿಂತ ಆರು ವರ್ಷ ದೊಡ್ಡವರಾದ, ತಲೆಯೆಲ್ಲ ಹಣ್ಣಾದ ಮೇಷ್ಟ್ರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ಕರೆಯದಿದ್ದರೆ ಅವಳು ತಿರುಗಿ ನೋಡುತ್ತಲೇ ಇರಲಿಲ್ಲ.

ಈ ತಂತಿಗಳ ಹೆಚ್ಚುಗಾರಿಕೆ ಏನೆಂದರೆ ಅವಕ್ಕೆ ಬ್ಯಾಟರಿ ಬೇಡ, ಕರೆಂಟು ಬೇಡ. ಬಿಸಿಯಿರುವ ಎಲ್ಲದರಿಂದಲೂ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹೊರಡುತ್ತಲೇ ಇರುತ್ತದೆ. ಅದು ಮೈಮೇಲೆ ಬಿದ್ದರೆ ಸಾಕು, ತಂತಿಗಳು ತಾವೇ ಒಂದು ಚಿಟಿಕೆ ಕರೆಂಟು ಹುಟ್ಟಿಸಿ ಮಾಪಕದ ಮುಳ್ಳನ್ನು ತಳ್ಳುತ್ತವೆ. ಹನ್ನೊಂದು ವರ್ಷ ಅಲ್ಲಿ ಬೆಳೆಸಿದ ತಂತಿಗಳೆಲ್ಲ ಕೆಂಪಗೆ ಕಾದ ಕಬ್ಬಿಣಕ್ಕೆ ಮಾತ್ರ ಮಿಸುಕುತ್ತಿದ್ದವು. ಹೋದ ವರ್ಷ ತಂಗಿ ಕಾವು, ಗಾಳಿ, ಪುಡಿ ಎಲ್ಲವನ್ನೂ ಬದಲಿಸಿ, ನಲವತ್ತು ಬಿಲ್ಲೆ ಹಾಳುಮಾಡಿ, ಮನುಷ್ಯನ ಮೈಬಿಸಿಗೂ ಮಿಸುಕುವ ತಂತಿ ಬೆಳೆಸಿದಳು. ಅವತ್ತು ಅಕ್ಕ ಕುಣಿಯುವುದೊಂದೇ ಬಾಕಿ. ಮೇಷ್ಟ್ರ ಮುಂದೆ ಹೋಗಿ ನಿಂತು, ನೀವು ಪತ್ರಿಕೆಗೆ ಬರೆಯೋದೆಲ್ಲ ಆಮೇಲೆ, ಮೊದಲು ನಮ್ಮ ಯಜಮಾನರ ಬಾಗಿಲಿಗೊಂದು ಕಣ್ಣು ಮಾಡಿಕೊಡೋಣ ಅಂದಳು.

ಯಜಮಾನರು, ಅಂದರೆ ತಂಗಿಗೆ ಭಾವ, ಒಂದು ಶೀತಗೃಹದ ಮೇಲ್ವಿಚಾರಕರು. ಹೆಪ್ಪುಗಟ್ಟಿಸಿದ ಬಟಾಣಿಯ ಚೀಲಗಳು ಸೂರು ಮುಟ್ಟುವಂತೆ ಪೇರಿಸಿರುವ ಜಾಗ. ಎರಡು ವರ್ಷದ ಕೆಳಗೆ ಕರೆಂಟು ಹೋಗಿ, ಬಾಗಿಲು ಕಚ್ಚಿಕೊಂಡು, ಒಳಗಿನ ಗಂಟೆಯೂ ಸತ್ತು, ಅವರೂ ಇನ್ನೊಬ್ಬ ಕೆಲಸಗಾರನೂ ನಾಲ್ಕು ಗಂಟೆ ಒಳಗೇ ಉಳಿದುಬಿಟ್ಟಿದ್ದರು. ಹೊರಗಿನವರು ಎಲ್ಲರೂ ಮನೆಗೆ ಹೋದರೆಂದೇ ತಿಳಿದಿದ್ದರು. ಆ ಕೆಲಸಗಾರನ ಎಡಗಾಲಿನ ಎರಡು ಬೆರಳು ಹೋದವು. ಕರೆಂಟಿಲ್ಲದೆ ಕೆಲಸ ಮಾಡುವ ಒಂದು ಕಣ್ಣು ಒಳಗಿನ ಬಾಗಿಲ ಮೇಲಿದ್ದಿದ್ದರೆ, ಅದರ ಮುಳ್ಳು ಹೊರಗಿನ ಗೋಡೆಯಲ್ಲಿ ಮೇಲೆದ್ದು ನಿಂತಿದ್ದರೆ, ಹೋಗಿಬರುವ ಯಾರಾದರೂ ನೋಡುತ್ತಿದ್ದರು. ಅಕ್ಕನ ತಲೆಯಲ್ಲಿ ಕೂತಿದ್ದು ಇದೊಂದೇ. ಊಟದ ಡಬ್ಬಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ, ಅದಕ್ಕೆ ಹಾಲಿನ ಪೊಟ್ಟಣದಂಥ ಬಿಳಿ ಪ್ಲಾಸ್ಟಿಕ್ಕಿನ ಕಿಟಕಿ, ಅದರ ಹಿಂದೆ ತಂಗಿಯ ಬಿಲ್ಲೆ, ಉದ್ದನೆಯ ವೈರು, ತುದಿಗೆ ಗುಂಡನೆಯ ಮಾಪಕ. ಎಲ್ಲ ಮುಗಿಸಿ, ಮಾಪಕದ ಸೊನ್ನೆ ಕೂರಿಸಿ, ಸೊನ್ನೆಯ ತಿರುಪಿನ ಮೇಲೆ ಯಾರೂ ಕೈಯಾಡಿಸದಿರಲೆಂದು ಒಂದು ತೊಟ್ಟು ಉಗುರುಬಣ್ಣ ಹಚ್ಚಿ ಮನೆಗೆ ಹೋದಳು. ಮೂರನೇ ದಿನ ಬೆಳಿಗ್ಗೆ ಬಸ್ಸಿಗೆ ಕಾಯುತ್ತಾ ನಿಂತವಳು ಹಾಗೇ ಕುಸಿದಳು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು.

ಸೋಮವಾರ ಊಟದ ಹೊತ್ತಿಗೆ ತಂಗಿ ಬೀಗ ತೆಗೆದು, ಕಪ್ಪು ಪರದೆ ಸರಿಸಿ, ಬಾಗಿಲಲ್ಲೇ ನಿಂತು ಟಾರ್ಚ್ ಬಿಟ್ಟಳು. ಕಿಟಕಿಯಿಲ್ಲದ ಪುಟ್ಟ ಕೋಣೆ. ಮೇಜು, ಮೇಜಿನ ಮೇಲೆ ಪೆಟ್ಟಿಗೆ, ಪಕ್ಕದಲ್ಲಿ ಮಾಪಕ, ಎದುರಿಗೆ ಅಕ್ಕನ ಸ್ಟೂಲು. ಮುಳ್ಳು ಸೊನ್ನೆಯ ಮೇಲಿರಲಿಲ್ಲ. ಸೊನ್ನೆಯಿಂದ ಮೂರು ಗೆರೆ ಕೆಳಗಿತ್ತು.

ಅವಳಿಗೆ ಮೊದಲು ಏನೂ ಅನ್ನಿಸಲಿಲ್ಲ. ಯಾವುದೋ ವೈರು ಸಡಿಲವಾಗಿರಬೇಕು ಅಂದುಕೊಂಡಳು. ಎಲ್ಲ ನೋಡಿದಳು. ವೈರು ಬಿಗಿಯಾಗಿತ್ತು, ಬೆಸುಗೆ ಗಟ್ಟಿಯಾಗಿತ್ತು, ತಿರುಪಿನ ಮೇಲೆ ಕೆಂಪು ತೊಟ್ಟು ಬಿರುಕಿಲ್ಲದೆ ಕೂತಿತ್ತು. ತಣ್ಣನೆ ಗಾಳಿ ಬರುವ ಸಂದೂ ಇರಲಿಲ್ಲ. ಹೊರಗೆ ಹೋಗಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಬಿಟ್ಟು ಮತ್ತೆ ಇಣುಕಿದಳು. ಮೂರು ಗೆರೆ ಕೆಳಗೆ. ಸೊನ್ನೆ ಅಂದರೆ ಖಾಲಿ ಕೋಣೆ. ಒಬ್ಬರು ಬಂದರೆ ಮುಳ್ಳು ಮೇಲೇಳಬೇಕು, ಹೋದರೆ ಸೊನ್ನೆಗೆ ಇಳಿಯಬೇಕು. ಯಾರೂ ಇಲ್ಲದ್ದಕ್ಕಿಂತಲೂ ಕಡಿಮೆ ಅಂದರೆ ಅದೇನು? ಆ ಕೋಣೆಗೆ ಯಾರೋ ಸಾಲದೆ ಹೋದ ಹಾಗಿತ್ತು, ಎಷ್ಟು ಸಾಲದು ಅನ್ನುವುದನ್ನು ಮುಳ್ಳು ಗೆರೆ ಎಣಿಸಿ ತೋರಿಸುತ್ತಿದ್ದ ಹಾಗಿತ್ತು.

ಮೇಷ್ಟ್ರು ಕೇಳಿದಾಗ, ಎಲ್ಲ ಸರಿಯಾಗಿದೆ ಅಂದುಬಿಟ್ಟಳು. ಯಾಕೆ ಹಾಗಂದಳೆಂದು ಅವಳಿಗೇ ಗೊತ್ತಿರಲಿಲ್ಲ.

ಮಂಗಳವಾರ ಊಟದ ಡಬ್ಬಿ ಹಿಡಿದುಕೊಂಡೇ ಒಳಗೆ ಹೋದಳು. ಸ್ಟೂಲಿನ ಮೇಲೆ ಕೂತಳು. ಮುಳ್ಳು ನಿಧಾನವಾಗಿ, ನಿದ್ದೆಯಿಂದ ಎದ್ದವರು ತಲೆಯೆತ್ತಿದ ಹಾಗೆ, ಮೇಲೆ ಬಂತು. ಬಂದು ಸೊನ್ನೆಗೆ ಅರ್ಧ ಗೆರೆ ಇರುವಾಗ ನಿಂತುಬಿಟ್ಟಿತು. ತನ್ನ ಮೈಬಿಸಿಗೇ ಅದು ಏಳುತ್ತಿದೆಯೆಂದು ಅವಳಿಗೆ ಗೊತ್ತಿಲ್ಲದೆ ಏನು? ಆ ತಂತಿ ಬೆಳೆಸಿದವಳೇ ಅವಳು. ಆದರೆ ಆ ಅರ್ಧ ಗೆರೆ ಅವಳನ್ನು ಹಿಡಿದುಕೊಂಡಿತು. ಅಕ್ಕ ದಪ್ಪ, ಇವಳು ಕಡ್ಡಿ. ಸ್ಟೂಲು ಮುಂದೆ ಎಳೆದುಕೊಂಡು ಕೂತರೆ ಮುಳ್ಳು ಸೊನ್ನೆಗೆ ಬರುತ್ತಿತ್ತು. ಆಗ ಅವಳಿಗೆ ಯಾರೋ ಸಮಾಧಾನವಾಗಿ ಉಸಿರು ಬಿಟ್ಟ ಹಾಗೆ ಕೇಳಿಸುತ್ತಿತ್ತು. ಬುಧವಾರ, ಗುರುವಾರ ಕುಲುಮೆಯ ಕೆಲಸ ಅರ್ಧಕ್ಕೇ ಬಿಟ್ಟು ಬಂದು ಕೂತಳು. ಟಾರ್ಚ್ ಆರಿಸಿದರೆ ಬೆರಳು ಮೂಗಿನ ಮುಂದೆ ಹಿಡಿದರೂ ಕಾಣದ ಕತ್ತಲು. ಆ ಕತ್ತಲಲ್ಲಿ ಅವಳು ಅಕ್ಕನಿಗೆ ಮನೆಯ ಸುದ್ದಿಯೆಲ್ಲ ಹೇಳಿದಳು. ಹೇಳಿ ಮುಗಿಸಿ ಟಾರ್ಚ್ ಹಚ್ಚಿದರೆ ಮುಳ್ಳು ಇದ್ದಲ್ಲೇ ಇರುತ್ತಿತ್ತು, ಕೇಳಿಸಿಕೊಂಡವರ ಹಾಗೆ.

ಗುರುವಾರ ಸಂಜೆ ತಡೆಯಲಾರದೆ ಭಾವನಿಗೆ ಫೋನ್ ಮಾಡಿ ಮುಳ್ಳಿನ ಸಂಗತಿ ಹೇಳಿದಳು. ಅವರು ಎಲ್ಲ ಕೇಳಿಸಿಕೊಂಡರು. ನಗಲಿಲ್ಲ. ನಾಳೆ ಮಧ್ಯಾಹ್ನ ಬರ್ತೀನಿ ಅಂದರು, ಅಷ್ಟೆ.

ಶುಕ್ರವಾರ ಅವರು ಬಂದರು. ಶೀತಗೃಹದ ದಪ್ಪ ಕೋಟನ್ನು ತೋಳಿನ ಮೇಲೆ ಹಾಕಿಕೊಂಡಿದ್ದರು. ಶೇವ್ ಮಾಡಿ ವಾರವಾಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡಬೇಕೇನೆಂದು ಕೇಳಿದರು. ಬೇಡವೆಂದರೂ ಬಿಟ್ಟರು. ತಂಗಿ ಮೊದಲು ಬಾಗಿಲಿಂದಲೇ ಟಾರ್ಚ್ ಬಿಟ್ಟು ಮೂರು ಗೆರೆ ತೋರಿಸಿದಳು. ಆಮೇಲೆ ಅವರನ್ನು ಸ್ಟೂಲಿನ ಮೇಲೆ ಕೂರಿಸಿ ತಾನು ಪರದೆಯಾಚೆ ಸರಿದು ನಿಂತಳು. ಆಳು ದೊಡ್ಡದು, ಮುಳ್ಳು ಎದ್ದು ಸೊನ್ನೆ ದಾಟಿ ಒಂದು ಗೆರೆ ಮೇಲೆ ಹೋಯಿತು.

"ನಾನೇನು ಹೆಚ್ಚಾಗಿಬಿಟ್ನಾ?" ಅಂದರು ಭಾವ.

ತಂಗಿಗೆ ನಗು ಬಂತು, ಅದರ ಹಿಂದೆಯೇ ಅಳುವೂ. ಅದನ್ನು ಮುಚ್ಚಿಕೊಳ್ಳಲು ಕಪಾಟಿನಿಂದ ಅಕ್ಕನ ದಾಖಲೆ ಪುಸ್ತಕ ತೆಗೆದು ಅವರ ಕೈಗೆ ಕೊಟ್ಟು, ಹೊರಗಿನ ಬೆಂಚಿಗೆ ಕರೆತಂದಳು. ನೋಡಿ, ಅವಳ ಅಕ್ಷರ, ಸೊನ್ನೆ ಕೂರಿಸಿದ ದಿನದ್ದು ಅಂದಳು. ಪುಟದಲ್ಲಿ ಮನೆಗಳು ಹಾಕಿದ್ದವು: ದಿನ, ಹೊತ್ತು, ದೀಪ ಆರಿದೆಯೇ, ಕೋಣೆಯಲ್ಲಿ ಯಾರು. ಸೊನ್ನೆ ಕೂರಿಸುವವರು ದೀಪ ಆರಿಸಿ, ಎಲ್ಲರೂ ಹೊರಗೆ ಬಂದು, ಅರ್ಧ ಗಂಟೆ ಬಿಟ್ಟು ಆಮೇಲೆ ಬರೆಯಬೇಕು; ಅದು ಅಲ್ಲಿಯ ನಿಯಮ. ಕೊನೆಯ ಮನೆಯಲ್ಲಿ ಅಕ್ಕ ಸಾಲು ಸಾಲಾಗಿ ದುಂಡಗೆ ಬರೆದಿದ್ದಳು: ಯಾರೂ ಇಲ್ಲ. ಯಾರೂ ಇಲ್ಲ. ಯಾರೂ ಇಲ್ಲ.

ಭಾವ ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಓದುತ್ತಾ ಓದುತ್ತಾ ಅವರ ಭುಜ ಅಲುಗಿತು. ನಗುತ್ತಿದ್ದರು.

"ದಿನಾ ಸಂಜೆ ಫೋನ್ ಮಾಡಿ ಮನೇಲಿ ಯಾರಿದಾರೆ ಅಂತ ಕೇಳ್ತಿದ್ದೆ. ಯಾರೂ ಇಲ್ಲ ಅನ್ನೋಳು. ಹಾಗಾದ್ರೆ ಫೋನ್ ಎತ್ತಿದ್ದು ಯಾರಮ್ಮಾ ಅಂತ ನಾನು. ಇಪ್ಪತ್ತಾರು ವರ್ಷ ಇದೇ ಮಾತು, ಪುಟ್ಟಿ. ಅವಳ ಬಾಯಲ್ಲಿ ಯಾರೂ ಇಲ್ಲ ಅಂದ್ರೆ ಅವಳೊಬ್ಬಳು ಇದಾಳೆ ಅಂತ."

ತಂಗಿ ಪುಸ್ತಕವನ್ನು ಅವರ ಕೈಯಿಂದ ಎಳೆದುಕೊಂಡು ಆ ಸಾಲನ್ನು ಮತ್ತೆ ಓದಿದಳು. ಒಳಗೆ ಎಲ್ಲೋ ಒಂದು ಬೋಲ್ಟು ತಿರುಗಿ ಗೂಡಿಗೆ ಕೂತ ಹಾಗಾಯಿತು. ಸೊನ್ನೆ ಕೂರಿಸುವಾಗ ಅಕ್ಕ ಎಂದೂ ಹೊರಗೆ ಬಂದವಳಲ್ಲ. ಅರ್ಧ ಗಂಟೆಯೂ ಆ ಕತ್ತಲಲ್ಲಿ ಪೆಟ್ಟಿಗೆಯ ಮುಂದೆಯೇ ಕೂತಿರುತ್ತಿದ್ದಳು. ಬಾರೇ ಟೀ ಕುಡಿಯೋಣ ಅಂತ ತಂಗಿ ಎಷ್ಟೋ ಸಲ ಬಾಗಿಲು ತಟ್ಟಿದ್ದುಂಟು. ಕೂಸನ್ನ ಕತ್ತಲಲ್ಲಿ ಒಂಟಿ ಬಿಟ್ಟು ಬರ್ತಾರೇನೇ ಅಂತ ಒಳಗಿಂದ ಉತ್ತರ ಬರುತ್ತಿತ್ತು. ಯಾರೂ ಆಕ್ಷೇಪಿಸಲಿಲ್ಲ, ಯಾಕೆಂದರೆ ಹನ್ನೊಂದು ವರ್ಷ ಅದರಿಂದ ಒಂದು ಕೂದಲಷ್ಟೂ ವ್ಯತ್ಯಾಸವಾಗಿರಲಿಲ್ಲ. ಹಳೆಯ ತಂತಿಗಳಿಗೆ ಅಕ್ಕ ಕಾಣುತ್ತಲೇ ಇರಲಿಲ್ಲ. ತಂಗಿ ಬೆಳೆಸಿದ ತಂತಿಗಳಿಗೆ ಕಂಡಳು. ಅಕ್ಕ ತನ್ನ ಮೈಬಿಸಿಯಲ್ಲಿ ಮೇಲೆದ್ದಿದ್ದ ಮುಳ್ಳನ್ನೇ ಖಾಲಿಯೆಂದು ತಿಳಿದು, ತಿರುಪು ತಿರುಗಿಸಿ ಸೊನ್ನೆಗೆ ಎಳೆದು, ಮೇಲೆ ಬಣ್ಣ ಹಚ್ಚಿಬಿಟ್ಟಿದ್ದಳು.

ಮೂರು ಗೆರೆ ಅಕ್ಕ. ಅವಳು ಆ ಸ್ಟೂಲಿನಲ್ಲಿ ಕೂತಿದ್ದ ಬಿಸಿ, ಅಷ್ಟಕ್ಕಷ್ಟು.

ಇದನ್ನು ಭಾವನಿಗೆ ತಿಳಿಯುವ ಹಾಗೆ ಹೇಳುವುದು ಕಷ್ಟವಾಗಲಿಲ್ಲ. ಕಾವು ಶೀತದ ವಿಷಯದಲ್ಲಿ ಅವರೇನು ದಡ್ಡರಲ್ಲ. ಕೇಳಿ ಕೋಟಿನ ಗುಂಡಿ ತಿರುಗಿಸುತ್ತಾ ಕೂತರು. ಅವಳ ಸೀರೆಗಳ ವಾಸನೆ ಹೋಯಿತು, ದಿಂಬಿನ ವಾಸನೆಯೂ ಹೋಯಿತು ಅಂದರು. ಫೋನಿನಲ್ಲಿ ಅವಳ ದನಿ ಉಳಿಸಿಕೊಂಡಿಲ್ಲವೆಂದೂ, ಅದೆಲ್ಲ ಯಾರಿಗೆ ಹೊಳೆಯುತ್ತದೆಂದೂ ಅಂದರು. ಆಮೇಲೆ ತಲೆಯೆತ್ತಿ, ಸಣ್ಣ ದನಿಯಲ್ಲಿ, "ಹಾಗಾದ್ರೆ ಅದನ್ನ ಮುಟ್ಟಬೇಡ ಪುಟ್ಟಿ. ಹಾಗೇ ಇರಲಿ. ನಾಳೆ ನನ್ನ ಬಾಗಿಲಿಗೆ ಹಾಗೇ ಬರಲಿ" ಅಂದರು.

ತಂಗಿಗೂ ಬೇಕಾಗಿದ್ದು ಅದೇ ಮಾತು. ನಾಲ್ಕು ದಿನದಿಂದ ಅವಳು ಮೇಷ್ಟ್ರಿಗೆ ಸುಳ್ಳು ಹೇಳಿಕೊಂಡು ಕಾದದ್ದು ಅದನ್ನೇ. ಸರಿ ಭಾವ ಅಂದುಬಿಟ್ಟರೆ ಮುಗಿಯಿತು. ಬಾಯಿ ತೆರೆದಳು. ಆದರೆ ಬಂದ ಮಾತು ಬೇರೆ: ಒಂದು ಸಲ ಒಳಗೆ ಬನ್ನಿ, ಈ ಸಲ ಕೂರಬೇಡಿ, ಬಾಗಿಲು ಕಚ್ಚಿಕೊಂಡ ದಿನ ಎಲ್ಲಿ ನಿಂತಿದ್ರೋ ಅಷ್ಟು ದೂರದಲ್ಲಿ ನಿಂತ್ಕೊಳ್ಳಿ.

ಅವರು ನಿಂತರು. ಸ್ಟೂಲಿಗಿಂತ ಒಂದು ಹೆಜ್ಜೆ ಹಿಂದೆ. ಬಾಗಿಲು ಬಡಿಯುತ್ತಾ ನಾಲ್ಕು ಗಂಟೆ ಕಳೆದವರಿಗೆ ದೂರ ಮರೆತಿರಲಿಲ್ಲ. ತಂಗಿ ಪರದೆಯ ಸಂದಿನಿಂದ ಟಾರ್ಚ್ ಬಿಟ್ಟಳು. ಮುಳ್ಳು ಎದ್ದು, ಸೊನ್ನೆಯ ಮೇಲೆ ಬಂದು, ಅಲುಗದೆ ನಿಂತಿತು. ಇಷ್ಟು ನೆಟ್ಟಗಿನ ಸೊನ್ನೆಯನ್ನು ಅವಳು ಆ ಕೋಣೆಯಲ್ಲಿ ನೋಡಿಯೇ ಇರಲಿಲ್ಲ.

"ನೋಡಿ ಭಾವ," ಅಂದಳು. "ಇದರ ಲೆಕ್ಕದಲ್ಲಿ ನೀವಿಲ್ಲ. ನಿಮ್ಮಿಂದ ಅಕ್ಕನ್ನ ಕಳೆದ್ರೆ ಏನೂ ಉಳಿಯೋದಿಲ್ಲ. ಹೊರಗಡೆ ನಿಂತು ನೋಡೋರು ಒಳಗೆ ಯಾರೂ ಇಲ್ಲ ಅಂದ್ಕೊಂಡು ಮನೆಗೆ ಹೋಗ್ತಾರೆ."

ಭಾವ ಮಾಪಕದ ಕಡೆ ನೋಡಿದರು. ಟಾರ್ಚಿನ ಬೆಳಕಿನಲ್ಲಿ ಅವರ ಗಡ್ಡದ ಬಿಳಿ ಕೂದಲು ಮಿಂಚಿತು. ಹಾಗಾದರೂ ಆಗಲಿ ಅಂದುಬಿಡುತ್ತಾರೇನೋ ಎಂದು ಅವಳಿಗೆ ಭಯವಾಯಿತು. ಎರಡು ತಿಂಗಳಿಂದ ಆ ಮನುಷ್ಯ ಬದುಕುತ್ತಿದ್ದ ರೀತಿ ನೋಡಿದವರಿಗೆ ಆ ಭಯ ಬರುವಂಥದೇ.

"ನಾನೊಬ್ಬನೇ ಆಗಿದ್ರೆ ಬೇರೆ ಮಾತು," ಅಂದರು ಕೊನೆಗೆ. "ಈಗ ಒಳಗೆ ಏಳು ಜನ ಕೆಲಸ ಮಾಡ್ತಾರೆ." ಆಮೇಲೆ, "ಅವಳಿಗೆ ಗೊತ್ತಾಗಿದ್ರೆ ಇಬ್ಬರನ್ನೂ ಕೂರಿಸ್ಕೊಂಡು ಬೈತಿದ್ಲು" ಅಂದರು.

ಮಾಪಕದ ವೈರು ಶೀತಗೃಹದ ಗೋಡೆ ದಾಟುವಷ್ಟು ಉದ್ದವಿತ್ತು. ಪೆಟ್ಟಿಗೆಯನ್ನು ಇದ್ದಲ್ಲೇ ಬಿಟ್ಟು, ವೈರನ್ನು ಬಾಗಿಲ ಕೆಳಗಿನಿಂದ ತೂರಿಸಿ, ಮಾಪಕವನ್ನು ಹೊರಗಿನ ಬೆಂಚಿನ ಮೇಲೆ ತಂದಿಟ್ಟರು. ಬಾಗಿಲು ಹಾಕಿದರು. ಇನ್ನು ಅರ್ಧ ಗಂಟೆ ಕಾಯಬೇಕು. ಅಷ್ಟು ಹೊತ್ತಿಗೆ ಮೇಷ್ಟ್ರು ಆ ಕಡೆ ಬಂದರು. ಬೆಂಚಿನ ಮೇಲಿನ ಮಾಪಕ ನೋಡಿದರು, ಭಾವನನ್ನು ನೋಡಿದರು. ಎದ್ದು ನಿಂತ ತಂಗಿ ತಲೆ ತಗ್ಗಿಸಿಕೊಂಡು, ಸೋಮವಾರ ತಾನು ಹೇಳಿದ್ದು ಸುಳ್ಳೆಂದಳು. ಸೊನ್ನೆ ತಪ್ಪಿದೆ, ಈ ವರ್ಷ ಹೊಸ ತಂತಿಗಳ ಮೇಲೆ ಅಕ್ಕ ಬರೆದ ಅಳತೆಗಳೆಲ್ಲ ಮೂರು ಮೂರು ಗೆರೆ ಕಡಿಮೆ ಇವೆ ಎಂದಳು. ಅದನ್ನು ಬಾಯಿಬಿಟ್ಟು ಹೇಳುವಾಗ ಸತ್ತವಳ ಮೇಲೆ ಚಾಡಿ ಹೇಳಿದ ಹಾಗೆ ಅನ್ನಿಸಿತು. ಮೇಷ್ಟ್ರು ದಾಖಲೆ ಪುಸ್ತಕ ತೆಗೆದುಕೊಂಡು ನಾಲ್ಕು ಪುಟ ತಿರುವಿದರು. ಎಲ್ಲವನ್ನೂ ಮತ್ತೆ ಅಳೆಯಬೇಕಾಗುತ್ತದೆ ಅಂದರು. ಅಳೆಯೋಣ, ಅವಳ ಹೆಸರು ಮಾತ್ರ ಅಲ್ಲೇ ಇರಲಿ ಅಂದರು. ಆಮೇಲೆ ಹೋಗಲಿಲ್ಲ. ಬೆಂಚಿನ ತುದಿಗೆ ಅವರೂ ಕೂತರು.

ಮುಳ್ಳು ಇಳಿಯತೊಡಗಿತು. ಭಾವ ಕೋಣೆಯಲ್ಲಿ ಬಿಟ್ಟುಬಂದಿದ್ದ ಬಿಸಿ ಸ್ಟೂಲಿನಿಂದ, ನೆಲದಿಂದ ಸ್ವಲ್ಪ ಸ್ವಲ್ಪವೇ ಆರುತ್ತಿತ್ತು. ಅರ್ಧ ಗೆರೆ. ಒಂದು. ಒಂದೂವರೆ. ಆಸ್ಪತ್ರೆಯಲ್ಲಿ ನೋಡಲಾಗದೆ ಹೋದದ್ದನ್ನು ಈಗ ಮೂವರೂ ನೋಡುತ್ತಿದ್ದಾರೆ ಅನ್ನಿಸಿತು ತಂಗಿಗೆ. ಎರಡಕ್ಕೆ ಬಂದು ಮುಳ್ಳು ಒಂದು ಗಳಿಗೆ ತಡೆಯಿತು. ಅಲ್ಲೇ ನಿಲ್ಲಲಿ, ಒಳಗೆ ಯಾರಾದರೂ ಇರಲಿ ಎಂದು ಮನಸ್ಸು ಮಗುವಿನ ಹಾಗೆ ಹಟ ಹಿಡಿಯಿತು. ಮುಳ್ಳು ಮತ್ತೆ ಇಳಿಯಿತು. ಮೂರು ಗೆರೆಗೆ ಬಂದು ನಿಂತಿತು. ಮೇಷ್ಟ್ರು ಗಡಿಯಾರ ನೋಡಿ ತಲೆಯಾಡಿಸಿ, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಎದ್ದು ಹೋದರು.

ತಂಗಿ ತಿರುಪುಳಿ ತೆಗೆದುಕೊಂಡು ಬಗ್ಗಿದಳು. ತಾಳು ಅಂದರು ಭಾವ. ಬಲಗೈ ಹೆಬ್ಬೆರಳಿನ ಉಗುರನ್ನು ಆ ಕೆಂಪು ತೊಟ್ಟಿನ ಅಂಚಿಗೆ ಕೊಟ್ಟು, ಗಾಯದ ಮೇಲಿನ ಪಟ್ಟಿ ಬಿಚ್ಚುವವರ ಹಾಗೆ ಮೆಲ್ಲಗೆ ಎಬ್ಬಿಸಿದರು. ಬಣ್ಣ ಒಂದೇ ಚೂರಾಗಿ ಎದ್ದು ಬಂತು. ಅದನ್ನು ಎಲ್ಲಿಡುವುದೆಂದು ತೋಚದೆ ಅತ್ತಿತ್ತ ನೋಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ತಂಗಿ ತಿರುಪು ತಿರುಗಿಸಿದಳು. ಕಾಲು ಸುತ್ತೂ ಬೇಕಾಗಲಿಲ್ಲ. ಮುಳ್ಳು ಸೊನ್ನೆಗೆ ಬಂತು.

ಈಗ ಒಳಗೆ ಒಬ್ಬರು ಹೋಗಿ ನೋಡಬೇಕಿತ್ತು. ಭಾವ ತಾವೇ ಎದ್ದರು. ಬಾಗಿಲು ಮುಚ್ಚಿತು, ಒಳಗೆ ಸ್ಟೂಲು ಎಳೆದ ಸದ್ದಾಯಿತು. ಮುಳ್ಳು ಏಳತೊಡಗಿ ನಾಲ್ಕನೇ ಗೆರೆಗೆ ಹೋಗಿ ನಿಂತಿತು.

"ಪುಟ್ಟಿ, ಕಾಣ್ತಿದೀನಾ?"

"ಕಾಣ್ತಿದೀರಿ ಭಾವ. ನಾಲ್ಕು ಗೆರೆ. ಬನ್ನಿ ಇನ್ನು."

"ಸ್ವಲ್ಪ ಹೊತ್ತು ಇರ್ತೀನಿ," ಅಂತ ಬಾಗಿಲಾಚೆಯಿಂದ ದನಿ ಬಂತು.

ಅವಳು ಬೆಂಚಿನ ಮೇಲೆ ಕೂತಳು. ಆಮೇಲೆ ಒಳಗಿನಿಂದ ಏನೂ ಕೇಳಿಸಲಿಲ್ಲ. ಆ ಬಾಗಿಲು ದಪ್ಪ. ಆದರೆ ಮುಳ್ಳು ಅಲುಗುತ್ತಿತ್ತು. ನಾಲ್ಕರಿಂದ ಐದರ ಹತ್ತಿರಕ್ಕೆ ಹೋಗುತ್ತಿತ್ತು, ಮತ್ತೆ ನಾಲ್ಕಕ್ಕೆ ಬರುತ್ತಿತ್ತು. ಕೂತ ಮನುಷ್ಯ ಮುಂದೆ ಬಾಗಿ, ಹಿಂದೆ ಸರಿದು, ಮತ್ತೆ ಬಾಗಿದರೆ ಹೇಗೋ ಹಾಗೆ. ಆಸ್ಪತ್ರೆಯಲ್ಲಾಗಲಿ ಆಮೇಲಾಗಲಿ ಒಬ್ಬರ ಮುಂದೆಯೂ ಕಣ್ಣು ಒದ್ದೆ ಮಾಡಿಕೊಳ್ಳದ ಮನುಷ್ಯ ಒಳಗೆ ಏನು ಮಾಡುತ್ತಿದ್ದಾರೆಂಬುದು ಗಾಜಿನ ಕೆಳಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ತಂಗಿ ಮಾಪಕವನ್ನು ಎತ್ತಿ, ಅದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು.